ಬಾರದ ಬಸ್ಸಿನ ಪಾಠ

ಅಕ್ಟೋಬರ್ ೧೪, ಮಂಗಳವಾರ

ಪ್ರೀತಿಯ ಮೊಂಡಿಗೆ,

ಕಂಡಕಂಡದ್ದಕ್ಕೆಲ್ಲ ದೂರು ಬರೆಯುವ ನಿನ್ನ 'ಅರ್ಜಿ ಅಣ್ಣ'ನ ಆಶೀರ್ವಾದ. ಇಷ್ಟು ದಿನ ಕಾಗದ ಬರೆಯಲಿಲ್ಲವೆಂದು ಮುನಿಯಬೇಡ. ಸಂಜೆಗಳೆಲ್ಲ ಒಂದು ಗುಟ್ಟಿಗೆ ಹೋದವು. ನಾನು ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ನಿನ್ನ ಗಂಡನಿಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಬಾರದು; ನಿಮ್ಮ ಮದುವೆಯಾದಾಗಿನಿಂದ ಅವನಿಗೂ ನನಗೂ ಫೋನಿನಲ್ಲಿ 'ಹಲೋ' ದಾಟಿ ಮಾತಿಲ್ಲ. ಇಬ್ಬರು ಮೂಗರ ಸಂಬಂಧ ಎಷ್ಟು ಕಾಲ?

ತರಗತಿ ಗ್ರಂಥಾಲಯದ ಮಹಡಿಯಲ್ಲಿ. ಅಲ್ಲಿನ ಮುರಿದ ಕುರ್ಚಿಗಳ ಬಗ್ಗೆ ಹಿಂದೆಯೇ ದೂರು ಕೊಟ್ಟಿದ್ದೆ. ಈಗ ಅವುಗಳಲ್ಲೇ ಕೂರುತ್ತೇನೆ. ಹೋದ ವಾರದ ಪಾಠ 'ಯೆಗಾರ್', ಅಂದರೆ ಬಂದು ತಲುಪುವುದು. ದಿನಬಳಕೆಯ ವಾಕ್ಯ ಮಾಡಿ ಎಂದರು ಮೇಡಂ. ಮುಂದೆ ಕೂತಿದ್ದ ದಂತವೈದ್ಯೆ, ಬಸ್ಸು ಎಂಟಕ್ಕೆ ಸರಿಯಾಗಿ ಬರುತ್ತದೆ ಎಂದಳು. ಯಾವ ಲೋಕದ ಬಸ್ಸೋ. ನಾನೆದ್ದು "ಎಲ್ ಔತೊಬುಸ್ ನೋ ಯೆಗಾ" ಎಂದೆ, ಬಸ್ಸು ಬರುವುದಿಲ್ಲ. ನೀರೂ ಬರುವುದಿಲ್ಲ. ಹಿಂದಿನ ಮೇಯರ್ ಮಾತು ಕೊಟ್ಟ ಬೀದಿದೀಪ, ಅವರ ಹಿಂದಿನವರ ಚರಂಡಿ, ಯಾವುದೂ ಬರಲಿಲ್ಲ.

ಮೇಡಂ ಸೀಮೆಸುಣ್ಣ ಕೆಳಗಿಟ್ಟರು. "ರೀ ಸ್ವಾಮಿ, ಬಂದಿರೋದು ಒಂದಾದ್ರೂ ಹೇಳ್ರೀ."

"ಬಂದ್ರೆ ತಾನೆ ಹೇಳೋದು?"

"ತೆರಿಗೆ ನೋಟೀಸು ಬರಲ್ವಾ ನಿಮ್ಮನೆಗೆ?" ಎಂದಳು ದಂತವೈದ್ಯೆ. ತರಗತಿಯೆಲ್ಲ ನಕ್ಕಿತು.

"ಅದನ್ನ ನಾನು ಕರೆದಿಲ್ಲಮ್ಮ" ಎಂದೆ.

ಇವರಿಗೆ ಭಾಷೆ ತಲೆಗೆ ಹತ್ತೋದಿಲ್ಲ ಎಂದು ಮೇಡಂ ಗೊಣಗಿದರು. ಮಿಕ್ಕಿದ್ದು ಹತ್ತಲಿಲ್ಲ, ನಿಜ. ಆ ಒಂದು ಕ್ರಿಯಾಪದ ಮಾತ್ರ ಕಲ್ಲಲ್ಲಿ ಕೊರೆದಂತೆ ಕೂತಿದೆ.

ಇಷ್ಟೇ ಸುದ್ದಿ. ಹೊತ್ತಿಗೆ ಸರಿಯಾಗಿ ಉಣ್ಣು. ಮೈ ಬೆಚ್ಚಗಿಟ್ಟುಕೋ. ನೂರು ಕಾಲ ಮೊಂಡಿಯಾಗಿಯೇ ಬಾಳು.

ನಿನ್ನ ಅಣ್ಣ

ಬರೆಯಲು ಕೈ ಬಾರದೆ ಉಳಿದದ್ದು: ಭಾನುವಾರ ಫೋನಿನಲ್ಲಿ ನೀನು "ಬರೀ ನೆಗಡಿ ಅಣ್ಣ, ಅದಕ್ಕೇ ಈ ಉಬ್ಬಸ" ಎಂದೆ. ಹಿಂದಿನಿಂದ ನಿನ್ನ ಗಂಡ ಯಾರನ್ನೋ ಕೇಳುತ್ತಿದ್ದ, "ಕ್ವಾಂದೊ ಯೆಗಾ ಲಾ ಆಂಬುಲಾನ್ಸಿಯಾ?" ಏನದು ಎಂದು ನಾನು ಕೇಳಿದ್ದಕ್ಕೆ ನೀನು "ಟೀವಿ" ಎಂದೆ. ಆಂಬುಲೆನ್ಸ್ ಯಾವಾಗ ಬರುತ್ತದೆ ಎಂದು ಟೀವಿ ಅಳುತ್ತಾ ಕೇಳುವುದಿಲ್ಲ, ಪುಟ್ಟಾ. ಮಾರನೆಯ ದಿನ 'ಹುಷಾರಾಗಿದ್ದೇನೆ' ಎಂದು ಸಂದೇಶ ಕಳಿಸಿದೆ. ಅಮ್ಮನೂ ಕೊನೆಯವರೆಗೆ ನೆಗಡಿ ಎಂದೇ ಹೇಳಿದಳು; ನಾವಿಬ್ಬರೂ ನಂಬಿಕೊಂಡು ಕೂತಿದ್ದೆವು. ಟಿಕೆಟ್ ಮಾಡಿಸಿದ್ದೇನೆ. ಯೆಗೊ ಎಲ್ ಸಾಬಾದೊ, ಶನಿವಾರ ಬಂದು ತಲುಪುತ್ತೇನೆ. ಅಂಚೆಯನ್ನು ನಾನು ಎಂದೂ ನಂಬಿದವನಲ್ಲ. ಈ ಕಾಗದಕ್ಕಿಂತ ಮೊದಲು ನಾನೇ ಬಂದರೆ, ಬಾಗಿಲು ತೆಗೆಯಲು ನೀನು ಏಳಬೇಡ.