ಬೆನ್ನ ಹಿಂದಿನ ಕೈ

ಎಣ್ಮಕಜೆ
೧೨ ಫೆಬ್ರವರಿ ೨೦೨೫, ಬುಧವಾರ

ಚಿರಂಜೀವಿ ಶ್ರೀರಂಜಿನಿಗೆ ಅಜ್ಜನ ಪ್ರೀತಿಪೂರ್ವಕ ಆಶೀರ್ವಾದಗಳು.

ಮೊದಲು ನಿನ್ನ ದೇಹಸ್ಥಿತಿಯ ವಿಚಾರ, ಊರಿನ ಸುದ್ದಿ ಆಮೇಲೆ. ಊಟ ಸೇರುತ್ತಿದೆಯೇ? ನಿದ್ರೆ ಬರುತ್ತಿದೆಯೇ? ಬಲಗೈಯ ಜೋಮು ಇಳಿಯಿತೇ, ಅಥವಾ ಇನ್ನೂ ಹಾಗೆಯೇ ಇದೆಯೇ? ನಿನ್ನ ಅಜ್ಜಿ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಸೀಸೆ ತುಂಬಿಸಿದ್ದಾಳೆ. ನಿನ್ನ ತಂಡದ ಅಲಿಶಾಳ ಅಣ್ಣ ಬ್ರಯನ್ ಇಂದು ಸಂಜೆ ತಿರುವನಂತಪುರಕ್ಕೆ ಹೊರಡುವವನಿದ್ದಾನೆ. ಸೀಸೆಯನ್ನೂ ಈ ಪತ್ರವನ್ನೂ ಅವನ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಎಣ್ಣೆಯನ್ನು ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ನೀವಬೇಕಂತೆ, ಹಿಮ್ಮುಖವಾಗಿ ಅಲ್ಲವಂತೆ. ಏಕೆಂದು ಕೇಳಿದರೆ ಅವಳು ಹೇಳುವುದಿಲ್ಲ. ಅವಳ ಮೊಣಕಾಲು ಸುಮಾರಾಗಿದೆ. ನಾನು ಎಂದಿನಂತಿದ್ದೇನೆ. ಗೇರುಮರಗಳು ಹೂಬಿಟ್ಟು ಊರೆಲ್ಲ ಅದರದೇ ವಾಸನೆ. ನಿನಗೆ ತಲೆನೋವು ತರಿಸುತ್ತಿದ್ದ ಆ ವಾಸನೆಯೇ.

ಭಾನುವಾರ ಸಂಜೆ ನೀನು ವಸತಿಗೃಹದ ಮೇಲ್ವಿಚಾರಕಿಯ ದೂರವಾಣಿಯಿಂದ ಕೇಳಿದ ಪ್ರಶ್ನೆಗೆ ನಾನು ಉತ್ತರಿಸದೆ ಉಳಿದೆ. ಅದನ್ನು ನೀನು ಅಲಕ್ಷ್ಯವೆಂದು ತಿಳಿದಿರಬಹುದು, ಹಾಗಲ್ಲ. ಶನಿವಾರ ನಾಲ್ಕು ಗಂಟೆಗೆ ಅಲ್ಲಿಯ ಶಿಬಿರದಲ್ಲಿ ಒಂದೇ ಸ್ಥಾನಕ್ಕೆ ಆಡುವ ನಿಮ್ಮಿಬ್ಬರಲ್ಲಿ ಒಬ್ಬಳನ್ನು ರಾಜ್ಯ ತಂಡಕ್ಕೆ ಆರಿಸಲಿದ್ದಾರೆಂದೂ, ಊರಿನಲ್ಲಿ ನೀನು ಗಳಿಸಿದ ಹೆಸರು ನಿನ್ನ ಗೆಳತಿಯರು ಹೊಡೆದ ಹೊಡೆತಗಳಿಂದ ಬಂದದ್ದು, ನಿನ್ನದೇನೂ ಅಲ್ಲ ಎಂದು ತರಬೇತಿ ಕೊಡುವವರು ಎಲ್ಲರೆದುರು ಅಂದರೆಂದೂ ಹೇಳಿದೆ. ಆಮೇಲೆ ನೀನಂದ ಮಾತು ನನ್ನ ಕಿವಿಯಲ್ಲಿ ಹಾಗೆಯೇ ಇದೆ: “ಅಜ್ಜಾ, ಅಜ್ಜ ಆಗಿ ಹೇಳ್ಬೇಡಿ, ಅಂಪೈರ್ ಆಗಿ ಹೇಳಿ. ನಾವು ಗೆದ್ದದ್ದು ನನ್ನಿಂದವಾ, ಅವರಿಂದವಾ? ಅವರಿಂದ ಅಂತಾದ್ರೆ ನಾನು ಶನಿವಾರದವರೆಗೆ ಕಾಯುದಿಲ್ಲ, ಬ್ಯಾಗ್ ಕಟ್ಟಿ ಬರ್ತೇನೆ.” ನ್ಯಾಯವಾದ ಪ್ರಶ್ನೆ. ವಾಲಿಬಾಲ್ ಅಂಕಣದ ಬದಿಯಲ್ಲಿ ಅರ್ಧ ಆಯುಷ್ಯ ಸೀಟಿ ಊದಿದವನಿಗೆ ಉತ್ತರ ನಾಲಗೆಯ ತುದಿಯಲ್ಲಿರಬೇಕಿತ್ತು. ಆದರೆ ಅದೇ ದಿನ ಮಧ್ಯಾಹ್ನ ಹೊಸಂಗಡಿಯಲ್ಲಿ ನಾನೊಂದನ್ನು ಕಂಡಿದ್ದೆ. ಅದನ್ನು ಹೇಳದೆ ನಿನಗೆ ತೀರ್ಪು ಕೊಡಲಾಗದು, ದೂರವಾಣಿಯಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ.

ನೀನು ಹೋದ ಮೇಲೆ ನಮ್ಮ ಹುಡುಗಿಯರು ಆಡಿದ ಮೊದಲ ಪಂದ್ಯ ಅದು, ಉಪಾಂತ್ಯ ಪಂದ್ಯ. ನಿನ್ನ ಸ್ಥಾನಕ್ಕೆ ಯಶ್ಮಿತಾಳನ್ನು ನಿಲ್ಲಿಸಿದ್ದರು. ನೀವೆಲ್ಲ ಸೆಟ್ಟರ್ ಎನ್ನುವವಳನ್ನು ನಾನು ಎತ್ತುಗಾರ್ತಿ ಎಂದೇ ಬರೆಯುವವನು, ನಗಬೇಡ. ಒಬ್ಬಳು ಚೆಂಡನ್ನು ತಡೆಯಬೇಕು, ಎರಡನೆಯವಳು ಎತ್ತಬೇಕು, ಮೂರನೆಯವಳು ಬಲೆಯಾಚೆ ಹೊಡೆಯಬೇಕು. ನೋಡುವವರ ಕಣ್ಣು ಮೂರನೆಯವಳ ಮೇಲೆಯೇ ನೆಟ್ಟಿರುತ್ತದೆ. ಯಶ್ಮಿತಾ ಸಾಧುವಾದ ಹುಡುಗಿ, ಆದರೆ ಅವಳೆತ್ತಿದ ಚೆಂಡು ಒಮ್ಮೆ ಬಲೆಗೆ ತೀರ ಹತ್ತಿರ, ಒಮ್ಮೆ ತೀರ ದೂರ. ಮೊದಲನೆಯ ಸುತ್ತು ಹೀನಾಯವಾಗಿ ಹೋಯಿತು. ಅಲಿಶಾ ಬಲೆಗೆ ಹೊಡೆದಳು, ರಶ್ಮಿತಾ ಗೆರೆಯಾಚೆ ಹೊಡೆದಳು. ಒಬ್ಬಳು ನೆಲ ಬಿಟ್ಟಾಗ ಚೆಂಡು ಇನ್ನೊಬ್ಬಳ ತಲೆಯ ಮೇಲಿತ್ತು. ಹುಡುಗಿಯರು ಅವರೇ, ತೋಳುಗಳು ಅವೇ, ಜಿಗಿತವೂ ಅದೇ, ಇಲ್ಲದಿದ್ದದ್ದು ನೀನೊಬ್ಬಳು. ನನ್ನ ಪಕ್ಕದಲ್ಲಿ ಕುಳಿತಿದ್ದ ಮಹಾಬಲ, ಅವನೇ, ಪಂದ್ಯಗಳಿಗೆ ಬಲೆ ಕಟ್ಟುವವನು, “ಎಂತ ಭಟ್ರೇ, ನಿಮ್ಮ ಪುಳ್ಳಿ ಶ್ರೀರಂಜಿನಿ ಹೋಗುವಾಗ ಇವರ ಕಣ್ಣುಗಳನ್ನೂ ಕಿತ್ತುಕೊಂಡು ಹೋಗಿದ್ದಾಳಾ?” ಎಂದು ನಕ್ಕ. ನಾನೂ ನಕ್ಕೆ, ಸುಳ್ಳೇಕೆ, ಒಳಗೊಳಗೆ ಹಿಗ್ಗಿದೆ.

ಎರಡನೆಯ ಸುತ್ತಿನಲ್ಲಿ ಎಲ್ಲವೂ ಬೇರೆಯಾಯಿತು. ಯಶ್ಮಿತಾಳ ಎತ್ತುಗಾರಿಕೆ ಕಿಂಚಿತ್ತೂ ಸುಧಾರಿಸಿರಲಿಲ್ಲ. ಆದರೆ ಚೆಂಡು ಅವಳ ಬೆರಳು ಬಿಡುವ ಮೊದಲೇ ಅದು ಹೋಗಿ ತಲುಪಲಿದ್ದ ಜಾಗದಲ್ಲಿ ಅಲಿಶಾ ಗಾಳಿಯಲ್ಲಿರುತ್ತಿದ್ದಳು. ತಪ್ಪಾಗಿ ಹೋಗುವ ಚೆಂಡು ಎಲ್ಲಿಗೆ ತಪ್ಪಲಿದೆ ಎಂಬುದೂ ಮೊದಲೇ ತಿಳಿದಂತೆ ಆಡಿದರು. ಸುತ್ತನ್ನು ಗೆದ್ದರು. ನಡುವಿನ ವಿರಾಮದಲ್ಲಿ ನಾನು ಅಲಿಶಾಳನ್ನು ಕರೆದು ಕೇಳಿದೆ. ಅವಳು ನೀರು ಕುಡಿಯುತ್ತ, “ಸಿಗ್ನಲ್ ಸರಿ ಸಿಗ್ತಾ ಉಂಟಲ್ಲ ಅಜ್ಜ” ಎಂದಳು. ಎತ್ತುಗಾರ್ತಿಯು ಎದುರಾಳಿಗಳಿಗೆ ಕಾಣದಂತೆ ಸೊಂಟದ ಹಿಂದೆ ಕೈಯಿಟ್ಟು, ಚೆಂಡು ಯಾರಿಗೆ, ಯಾವ ಎತ್ತರಕ್ಕೆ ಎಂದು ಹಿಂದಿನವರಿಗೆ ಬೆರಳುಗಳಲ್ಲಿ ತೋರಿಸುವುದು ನಿಮ್ಮ ಪದ್ಧತಿಯಷ್ಟೇ. ನಾನು ಯಶ್ಮಿತಾಳ ಬೆನ್ನು ತಟ್ಟಿ, ಒಳ್ಳೆಯದಾಯಿತು ಎಂದೆ. ಅವಳು ಬೆಪ್ಪಾಗಿ ನೋಡಿದಳು. “ನಾನಾ? ನಂಗೆ ಅದೆಲ್ಲ ಎಲ್ಲಿ ಬರ್ತದೆ ಅಜ್ಜ? ನನ್ನ ಎರಡೂ ಕೈ ಮೇಲೆ ಇರ್ತದೆ, ಇಲ್ಲದಿದ್ರೆ ಚೆಂಡು ಮೂಗಿಗೆ ಬೀಳ್ತದೆ.”

ಮೂರನೆಯ ಸುತ್ತಿಗೆ ನಾನು ಕುರ್ಚಿಯನ್ನು ಹಿಂದಿನ ಗೆರೆಯ ಬಳಿಗೆ ಎಳೆಸಿಕೊಂಡು ಕುಳಿತೆ. ಹೊತ್ತು ಇಳಿಯುತ್ತಿತ್ತು, ಆದರೆ ಬೆಳಕು ಧಾರಾಳವಾಗಿತ್ತು. ಕಣ್ಣಿನ ಭ್ರಮೆಯೆಂದು ತಳ್ಳಿಹಾಕುವ ಅವಕಾಶ ನನಗಿರಲಿಲ್ಲ. ಯಶ್ಮಿತಾ ಬಲೆಯ ಹತ್ತಿರ ಎರಡೂ ಕೈಗಳನ್ನು ಹಣೆಯ ಮೇಲಕ್ಕೆತ್ತಿ ನಿಂತಿದ್ದಳು. ಅವಳ ಸೊಂಟದ ಹಿಂದೆ ಒಂದು ಬಲಗೈ ಇತ್ತು. ಮಣಿಕಟ್ಟಿನಿಂದ ಮೇಲೆ ಏನಿತ್ತೋ ನಾನು ಹೇಳಲಾರೆ. ನೋಡಬಯಸಿದರೆ ದೃಷ್ಟಿ ತಾನಾಗಿ ಜಾರುತ್ತಿತ್ತು. ಎರಡು ಬೆರಳು ತೋರಿತು, ರಶ್ಮಿತಾ ಓಡಿದಳು. ನಾಲ್ಕು ತೋರಿತು, ಅಲಿಶಾ ಹಾರಿದಳು. ಉಂಗುರದ ಬೆರಳಿಗೆ ಬಿಳಿಯ ಪಟ್ಟಿ ಸುತ್ತಿತ್ತು. ಎರಡು ಸುತ್ತು ನೇರ, ಒಂದು ಸುತ್ತು ಓರೆ, ತುದಿಯನ್ನು ಒಳಗೆ ಮಡಚಿದ್ದು. ಪ್ರತಿ ಪಂದ್ಯದ ಮೊದಲು ನಿನ್ನ ಬೆರಳಿಗೆ ನಾನು ಸುತ್ತುತ್ತಿದ್ದದ್ದು ಹಾಗೆಯೇ. ಬೇರೆ ಯಾರೂ ಹಾಗೆ ಸುತ್ತುವುದನ್ನು ನಾನು ಕಂಡಿಲ್ಲ. ಪಂದ್ಯ ಗೆದ್ದರು. ಎಲ್ಲರೂ ಕುಣಿಯುವಾಗ ನಾನು ಮಹಾಬಲನನ್ನು ಕರೆದು ಆ ಕೈಯ ಬಗ್ಗೆ ಕೇಳಿದೆ. ಅವನಿಗೆ ಏನೂ ಕಂಡಿರಲಿಲ್ಲ.

ಆ ಸಂಜೆಯೇ ನಿನ್ನ ಕರೆ ಬಂತು. ಅಭ್ಯಾಸದ ಪಂದ್ಯದ ನಡುವೆ ಬಲಗೈ ಜೋಮು ಹಿಡಿದು, ಚೆಂಡು ತಗುಲಿದ್ದೂ ತಿಳಿಯದಂತಾಯಿತೆಂದು ನೀನು ಹೇಳಿದೆ. ಗಂಟೆ ಎಷ್ಟಾಗಿತ್ತೆಂದು ಎರಡು ಬಾರಿ ಕೇಳಿದೆನಲ್ಲವೇ, ಅದಕ್ಕೆ ಕಾರಣ ಇದು. ಇಲ್ಲಿ ಎರಡನೆಯ ಸುತ್ತು ತೊಡಗಿದ ಹೊತ್ತು ಅದು.

ಸೋಮವಾರ ಅಭ್ಯಾಸಕ್ಕೆ ನಾನೂ ಹೋದೆ. ಹಿಂದೆ ಮದ್ದು ಸಿಂಪಡಿಸುವ ಹೆಲಿಕಾಪ್ಟರ್ ಇಳಿಯುತ್ತಿದ್ದ ಗೇರುತೋಟದ ಬಯಲಿನಲ್ಲಿಯೇ ಈಗಲೂ ಬಲೆ ಕಟ್ಟುತ್ತಾರೆ. ಯಶ್ಮಿತಾಳನ್ನು ಹೊರಗೆ ಕರೆದು ನನ್ನ ಪಕ್ಕದಲ್ಲಿ ಕುಳ್ಳಿರಿಸಿ, ಅವಳ ಜಾಗ ಬರಿದಾಗಿರಲಿ, ಉಳಿದವರು ಆಡಿ ಎಂದೆ. ರಶ್ಮಿತಾ ಚೆಂಡನ್ನು ತಡೆದು ಬಲೆಯ ಬಳಿಗೆ ಕಳುಹಿಸಿದಳು. ಅಲಿಶಾ ಆ ಬರಿಯ ಜಾಗವನ್ನೊಮ್ಮೆ ನೋಡಿ, ತಲೆಯಾಡಿಸಿ, ಓಡಿ ಹಾರಿದಳು. ಚೆಂಡನ್ನು ಎತ್ತುವವರಿಲ್ಲದೆ ಅದು ಕೆಂಪು ಮುರಕಲ್ಲಿನ ನೆಲಕ್ಕೆ ಬಿದ್ದು ಉರುಳಿತು. ಗಾಳಿಯಲ್ಲಿದ್ದ ಅವಳ ತೋಳು ಏನನ್ನೂ ಹೊಡೆಯದೆ ಇಳಿಯಿತು. ಯಾರೂ ನಗಲಿಲ್ಲ. ಯಶ್ಮಿತಾ ನನ್ನ ಪಂಚೆಯ ಅಂಚನ್ನು ಹಿಡಿದು ಅಳುತ್ತ, “ಅಜ್ಜಾ, ಆಡುವಾಗ ನನ್ನ ಬೆನ್ನಿಗೆ ತಣ್ಣಗೆ ಎಂತದೋ ತಾಗಿದ ಹಾಗೆ ಆಗ್ತದೆ. ಕೈ ತೆಗೀಲಿಕ್ಕೆ ಹೇಳಿ ಶ್ರೀರಂಜಿನಿಯತ್ರ” ಎಂದಳು. ಅಲಿಶಾ ಅಲ್ಲಿಂದಲೇ ಕೂಗಿದಳು: “ಸುಮ್ನಿರು ಮಾರಾಯ್ತಿ! ಫೈನಲ್ ಒಂದು ಮುಗೀಲಿ, ಮತ್ತೆ ತೆಗೀಲಿ.”

ಅಲಿಶಾಳನ್ನು ತಪ್ಪು ತಿಳಿಯಬೇಡ. ಉಪ್ಪಳದ ಅಂತಿಮ ಪಂದ್ಯವೂ ಶನಿವಾರ ನಾಲ್ಕು ಗಂಟೆಗೇ ಎಂಬುದು ಅವಳಿಗೆ ಗೊತ್ತಿತ್ತು. ನಿನ್ನ ಆಯ್ಕೆಯೂ ಅದೇ ಹೊತ್ತಿಗೆ ಎಂಬುದು ಗೊತ್ತಿರಲಿಲ್ಲ. ನಿನ್ನೆ ಅವಳನ್ನು ನಮ್ಮ ಜಗಲಿಯಲ್ಲಿ ಕುಳ್ಳಿರಿಸಿ ಎಲ್ಲವನ್ನೂ ಹೇಳಿದೆ. ಮೊದಲು ತಮಾಷೆ ಮಾಡಿದಳು: “ಅವಳಿಗೆ ಇನ್ನೊಂದು ಕೈ ಉಂಟಲ್ಲ ಅಜ್ಜ, ಎಡದ್ದು.” ನಿನ್ನ ಜೋಮಿನ ಮಾತು ಬಂದಾಗ ನಿನ್ನ ಅಜ್ಜಿ ಕೊಟ್ಟ ಅವಲಕ್ಕಿಯ ತಟ್ಟೆಯನ್ನು ಬದಿಗೆ ಸರಿಸಿದಳು. “ಅವಳು ಹೋದ ಮೇಲೆ ನಾನೇ ದಿನಾ ಅವಳನ್ನು ನೆನೆಸ್ಕೊಂಡು ಯಶ್ಮಿತಾನ ಬೆನ್ನ ಹಿಂದೆ ನೋಡ್ತಿದ್ದದ್ದು. ಇನ್ನು ಯಾರೂ ನೋಡುದಿಲ್ಲ. ಬಾಯಲ್ಲೇ ಕೂಗಿ ಆಡ್ತೇವೆ, ಸೋತರೆ ಸೋತೆವು” ಎಂದಳು. ನಿನ್ನೆ ಸಂಜೆಯ ಅಭ್ಯಾಸದಲ್ಲಿ ಹಾಗೆಯೇ ಆಡಿದರು. ಸಂತೆಯ ಗದ್ದಲದಂತಿತ್ತು; ಒಂದು ಚೆಂಡೂ ಸರಿಯಾಗಿ ದಾಟಲಿಲ್ಲ. ಆದರೆ ಯಾರೂ ಯಶ್ಮಿತಾಳ ಬೆನ್ನನ್ನು ನೋಡಲಿಲ್ಲ, ಅವಳಿಗೆ ತಣ್ಣಗಾಗಲೂ ಇಲ್ಲ.

ಈಗ ನೀನು ಕೇಳಿದ ತೀರ್ಪು. ಅಜ್ಜನಾಗಿ ಅಲ್ಲ, ನೀನಂದ ಹಾಗೆ. ಹೊಡೆದವರು ಅವರು, ನಿಜ. ನೀನೊಬ್ಬಳೇ ಆಡಿದ್ದರೆ ಬಲೆಯ ಈಚೆಗೆ ಉಳಿಯುತ್ತಿದ್ದೆ. ಆದರೆ ಅವೇ ತೋಳುಗಳು ನೀನಿಲ್ಲದಾಗ ಹೇಗೆ ಬಲೆಗೆ ಬಡಿದವೆಂಬುದನ್ನು ಮೊದಲ ಸುತ್ತಿನಲ್ಲಿ ಕಂಡೆ. ಯಶ್ಮಿತಾಳ ಕೈ ಒಂದು ಸುತ್ತಿನಿಂದ ಇನ್ನೊಂದಕ್ಕೆ ಬದಲಾಗಲಿಲ್ಲ. ಬದಲಾದದ್ದು ಆಟವನ್ನು ಮುಂದಾಗಿ ಕಾಣುವ ಬುದ್ಧಿ ಮಾತ್ರ. ಆ ಬುದ್ಧಿ ಯಾರದೆಂದು ನನಗೆ ಸಂಶಯವಿಲ್ಲ. ಎಷ್ಟು ಪಾಲು ನಿನ್ನದು, ಎಷ್ಟು ಅವರದು ಎಂದು ಅಳೆದುಕೊಡಲಾರೆ, ಅಳೆದೆನೆನ್ನುವವರನ್ನು ನಂಬಲೂ ಆರೆ. ಆದರೆ ಅವರಿಂದ ಎರವಲು ತಂದ ಹೆಸರು ಇಟ್ಟುಕೊಂಡು ಅಲ್ಲಿ ನಿಂತಿದ್ದೀಯೆ ಎಂಬ ಮಾತು ಸುಳ್ಳು. ನಿನ್ನದನ್ನೇ ಇವರು ಇನ್ನೂ ಬಿಟ್ಟುಕೊಟ್ಟಿರಲಿಲ್ಲ. ಆದ್ದರಿಂದ ಚೀಲ ಕಟ್ಟಬೇಡ. ಶನಿವಾರ ಅಂಕಣದಲ್ಲಿ ನಿಲ್ಲು. ಇದು ನನ್ನ ತೀರ್ಪು, ಮೇಲ್ಮನವಿಗೆ ಅವಕಾಶವಿಲ್ಲ.

ನಿನ್ನ ಅಜ್ಜಿ ದಿನವೂ ದೀಪ ಹಚ್ಚುವಾಗ ನಿನ್ನ ಹೆಸರು ಹೇಳುತ್ತಾಳೆ. ಮಹಾಬಲ ಕೇಳಿದನೆಂದು ತಿಳಿಸಲು ಹೇಳಿದ್ದಾನೆ. ನಿನ್ನ ಕೋಣೆಯ ಜೊತೆಗಾರ್ತಿಗೂ ನನ್ನ ಹಾರೈಕೆ. ಉಣ್ಣು, ನಿದ್ರಿಸು, ಕೈ ಬೆಚ್ಚಗಿಟ್ಟುಕೋ. ದೇವರು ನಿನ್ನ ಹತ್ತು ಬೆರಳುಗಳನ್ನೂ ಕಾಯಲಿ.

ಇತಿ ನಿನ್ನ ಅಜ್ಜ,
ವೆಂಕಟಕೃಷ್ಣ

ಮರೆತ ಮಾತು: ಬ್ರಯನ್ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸು. ಈಗಷ್ಟೇ ಬಯಲಿನಿಂದ ಬಂದೆ. ಹುಡುಗಿಯರು ಮಾತಿನಂತೆ ಇಂದೂ ನೋಡಲಿಲ್ಲ. ನಾನು ನೋಡಿದೆ. ಕೈ ಇತ್ತು. ಬೆರಳುಗಳನ್ನೆಲ್ಲ ಮಡಚಿ ಮುಷ್ಟಿ ಕಟ್ಟಿ, ಯಾರೂ ಗಮನಿಸದೆ ಹೋದರೂ ಮತ್ತೆ ಮತ್ತೆ ಅದನ್ನೇ ತೋರಿಸುತ್ತಿತ್ತು. ಆಟ ಮುಗಿದ ಮೇಲೆ ಅಲಿಶಾಳಿಗೆ ಹೇಳಿದೆ. “ಮುಷ್ಟಿ ಅಂದ್ರೆ ‘ಯಾರೂ ಹಾರ್ಬೇಡಿ, ಇದನ್ನು ನಾನೇ ದಾಟಿಸ್ತೇನೆ’ ಅಂತ ಅಜ್ಜ. ಕಲಿಸಿದ್ದು ಅವಳೇ, ಆದ್ರೆ ಆಟದಲ್ಲಿ ಒಂದು ಸಲವೂ ನಮಗೆ ತೋರಿಸಿದವಳಲ್ಲ” ಎಂದಳು. ಆದ್ದರಿಂದ ಇದನ್ನು ಮರೆಯದೆ ಮಾಡು: ಶನಿವಾರ ನಿನ್ನ ಕೈಗೆ ಬರುವ ಮೊದಲ ಚೆಂಡನ್ನು ಯಾರಿಗೂ ಎತ್ತಿಕೊಡಬೇಡ, ಎಷ್ಟು ಜನ ಕೈಚಾಚಿ ಕೂಗಿದರೂ ಸರಿ. ನೀನೇ ಬಲೆಯಾಚೆ ಹಾಕು, ಅದು ದಾಟಿದರೆ ಆ ಕೈ ನಿನ್ನಲ್ಲಿಗೇ ಮರಳೀತು ಎಂದು ನನಗನ್ನಿಸುತ್ತದೆ. ಅಲಿಶಾಳ ಬಳಿ ಮಾತು ತೆಗೆದುಕೊಂಡಿದ್ದೇನೆ, ಉಳಿದವರೂ ಒಪ್ಪಿದ್ದಾರೆ. ಉಪ್ಪಳದಲ್ಲಿ ಆ ಮೊದಲ ಚೆಂಡಿಗೆ ನಮ್ಮವರು ಯಾರೂ ಹಾರುವುದಿಲ್ಲ.