ಎದುರು ನಿಂತು ನೋಡುವವರು

ಗುರುವಾರ, ಮಧ್ಯಾಹ್ನ

ರೀ,

ಕಾಗದದಲ್ಲೂ ಹೀಗೇ ಕರೆಯುತ್ತೇನೆ. ‘ಪ್ರೀತಿಯ’ ಎಂದು ಶುರುಮಾಡಿ ನಿಮ್ಮ ಹೆಸರು ಹಾಕಿದರೆ ಬೇರೆ ಯಾರಿಗೋ ಬರೆದ ಹಾಗಾಗುತ್ತದೆ. ಮನೆಯಲ್ಲಿದ್ದಾಗ ಅಡುಗೆಮನೆಯಿಂದ ಕೂಗಿ ಕೂಗಿ ನನ್ನ ಗಂಟಲು ಒಣಗಿದ ಮೇಲೆ ನೀವು ‘ಏನೇ’ ಅನ್ನುತ್ತಿದ್ದಿರಿ. ಕಾಗದವಾದರೆ ಒಂದೇ ಸಲಕ್ಕೆ ಮುಟ್ಟುತ್ತದೆ.

ಫೋನಿನಲ್ಲಿ ಹೇಳಬಹುದಾದ್ದನ್ನು ಬರೆದು ಕಳಿಸಿದ್ದೀರಿ ಎಂದಮೇಲೆ ವಿಷಯ ಸಣ್ಣದಿರಲಾರದು ಎಂದುಕೊಂಡೇ ಲಕೋಟೆ ಒಡೆದೆ. ಫೋನಿನಲ್ಲಿ ನಮ್ಮಿಬ್ಬರ ಮಾತು ಊಟ, ಮಾತ್ರೆ, ನಲ್ಲಿ ನೀರು ದಾಟಿ ಮುಂದಕ್ಕೆ ಹೋಗುವುದೇ ಇಲ್ಲ ನೋಡಿ.

ನೀವು ಬರೆದಿದ್ದು ಪೂರ್ತಿ ಅರ್ಥವಾಗಿದೆ. ನಮ್ಮ ಬೀದಿಯ ಕೊನೆಯ ಶೆಡ್ ಖಾಲಿಯಾಗಿದೆ. ಮಗ್ಗ, ಬಣ್ಣದ ಹಂಡೆ, ಉಣ್ಣೆ ಎಲ್ಲವನ್ನೂ ಅಲ್ಲಿಗೆ ಸಾಗಿಸಿ, ಮನೆ ತೊಳೆದು, ಸುಣ್ಣ ಹೊಡೆಸಿದರೆ ನೀವು ಬಂದು ಇರಬಹುದು ಎಂದು ಡಾಕ್ಟರು ಹೇಳಿದ್ದಾರೆ. ಶೆಡ್ಡಿನವರು ಶನಿವಾರದವರೆಗೆ ಕಾಯುತ್ತಾರೆ, ಆಮೇಲೆ ರಟ್ಟಿನ ಪೆಟ್ಟಿಗೆ ವ್ಯಾಪಾರಿಗೆ ಕೊಟ್ಟುಬಿಡುತ್ತಾರೆ. ಅಚ್ಚುಕೂಟದ ಮೇಲಿನ ನಿಮ್ಮ ಕೋಣೆಯನ್ನು ಇನ್ನೊಂದು ವರ್ಷಕ್ಕೆ ಇಟ್ಟುಕೊಳ್ಳುವುದೋ ಬಿಡುವುದೋ ಎಂದು ನೀವೂ ಆ ಹೊತ್ತಿಗೆ ಹೇಳಬೇಕು. ಎಲ್ಲ ಬರೆದು ಕೊನೆಗೆ ‘ಬರಲೋ ಬೇಡವೋ, ನೀನೇ ಹೇಳು’ ಎಂದು ಭಾರವನ್ನು ನನ್ನ ತಲೆಗೆ ಕಟ್ಟಿದ್ದೀರಿ. ಒಳ್ಳೆಯ ಬುದ್ಧಿವಂತರು.

ಮೊನ್ನೆ ನಿಮ್ಮ ಅಕ್ಕ ಬಂದಿದ್ದರು. ಉಣ್ಣೆಯ ಧೂಳಿಗೆ ಕೆಮ್ಮು ಬಂದು ಗಂಡ ಮನೆ ಬಿಟ್ಟ ಎಂದರೆ ಅವರು ಇವತ್ತಿಗೂ ನಂಬುವುದಿಲ್ಲ. ಏನೋ ಜಗಳವಾಗಿದೆ, ನಾವಿಬ್ಬರೂ ಮುಚ್ಚಿಡುತ್ತಿದ್ದೇವೆ ಎಂದೇ ಅವರ ಲೆಕ್ಕ. ಜಗಳವೇ ಆಗಿಲ್ಲ ಎಂದು ನಾನು ಹೇಳಿದಷ್ಟೂ ಅವರ ಅನುಮಾನ ಗಟ್ಟಿಯಾಗುತ್ತದೆ. ಒಂದು ಜಗಳ ಆಡಿಬಿಟ್ಟಿದ್ದರೆ ಅವರಿಗಾದರೂ ನೆಮ್ಮದಿ ಇರುತ್ತಿತ್ತು. ಆದರೆ ಅವರು ಹೋದಮೇಲೆ ನನಗೂ ಯೋಚನೆಗಿಟ್ಟುಕೊಂಡಿತು. ಕೆಮ್ಮಿಗಾಗಿ ಹೋದ ನೀವು ಕೆಮ್ಮು ನಿಂತಮೇಲೂ ಬರಲಿಲ್ಲ, ನಾನೂ ಬನ್ನಿ ಅನ್ನಲಿಲ್ಲ. ಇದನ್ನು ಏನೆಂದು ಕರೆಯುವುದು ನನಗೆ ಗೊತ್ತಿಲ್ಲ.

ಮನೆ ಈಗ ಹೇಗಿದೆ ಅಂತ ಹೇಳುತ್ತೇನೆ, ಸುಣ್ಣ ಹೊಡೆಯುವವರು ಬಂದರೆ ಓಡಿಹೋಗುವ ಹಾಗಿದೆ. ನೀವು ಮಲಗುತ್ತಿದ್ದ ಮಂಚದ ಮೇಲೆ ಉಣ್ಣೆಯ ಉಂಡೆಗಳು ಮಲಗಿವೆ, ತಲೆದಿಂಬಿನ ಕಡೆಗೆ ಕೆಂಪು, ಕಾಲಿನ ಕಡೆಗೆ ನೀಲಿ. ಬಚ್ಚಲಿನಲ್ಲಿ ಬಣ್ಣ ಅದ್ದಿದ ಉಣ್ಣೆಯ ಒದ್ದೆ ಲಡಿಗಳು ಸೊರಸೊರ ಸುರಿಯುತ್ತಿರುತ್ತವೆ, ಸ್ನಾನಕ್ಕೆ ಹೋದರೆ ಬೆನ್ನಿಗೆ ಹಳದಿ ಗೀರು ಬೀಳುತ್ತದೆ. ಒಲೆಯ ಒಂದು ಬಾಯಲ್ಲಿ ಹಾಲು, ಇನ್ನೊಂದರಲ್ಲಿ ದಾಳಿಂಬೆ ಸಿಪ್ಪೆ. ಬಣ್ಣ ಕಲಕುವ ಸೌಟಿಗೆ ಗುರುತಿಗೆಂದು ದಾರ ಕಟ್ಟಿದ್ದೆ; ದಾರ ಕರಗಿಹೋಗಿ ಈಗ ಎರಡು ಸೌಟೂ ಒಂದೇ ಥರ ಇವೆ. ನಾನಿನ್ನೂ ಬದುಕಿದ್ದೇನೆ, ಅದೇ ದೊಡ್ಡದು.

ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಮಗ್ಗದ ಹತ್ತಿರ ಹೋಗಿ ಹಿಂದಿನ ದಿನದ್ದನ್ನು ಕೈಯಿಂದ ಸವರಿ ನೋಡುತ್ತೇನೆ. ಎಲ್ಲಾದರೂ ಬಿಗಿಯಾಗಿದ್ದರೆ ಬಿಚ್ಚುತ್ತೇನೆ. ಹಾಲು ಉಕ್ಕುವುದರೊಳಗೆ ಒಂದು ಸಾಲು ಹಾಕುತ್ತೇನೆ, ಬಟ್ಟೆ ನೆನೆಸಿಟ್ಟು ಇನ್ನೊಂದು. ಹೊಸ ಬಣ್ಣ ಬೆಳಿಗ್ಗೆ ಒಂದು ಥರ ಕಂಡರೆ ಸಂಜೆ ಇನ್ನೊಂದು ಥರ ಕಾಣುತ್ತದೆ, ಅದಕ್ಕೇ ದಿನವಿಡೀ ಅದರ ಆಸುಪಾಸಿನಲ್ಲೇ ಸುಳಿದಾಡಬೇಕು. ಶೆಡ್ಡಿಗೆ ಬೀಗ ಹಾಕಿ ಮನೆಗೆ ಬಂದುಬಿಟ್ಟರೆ ಇದೆಲ್ಲ ಆಗುವುದಿಲ್ಲ. ಅದು ಆಫೀಸಾಗುತ್ತದೆ.

ಇನ್ನೊಂದು ಮಾತು. ನಿಮ್ಮ ಎದುರಿಗಾದರೆ ಬಾಯಿ ಬರುತ್ತಿರಲಿಲ್ಲ, ಬರೆದುಬಿಡುತ್ತೇನೆ. ಹೀಗಿರುವುದು ನನಗೆ ಇಷ್ಟವಾಗಿದೆ. ಹಸಿವಾದಾಗ ಉಂಡು, ಬೇಕಾದಾಗ ನೇಯ್ದು, ಯಾರಿಗೂ ಉತ್ತರ ಹೇಳದೆ ಇರುವುದು ಇಷ್ಟವಾಗಿದೆ. ನಿಮ್ಮ ಮೇಲೆ ಪ್ರೀತಿ ಇಲ್ಲ ಎಂದಲ್ಲ. ಎರಡೂ ಇವೆ, ಒಂದೇ ಮನೆಯಲ್ಲಿ ಹೊಂದಿಕೊಳ್ಳುತ್ತಿಲ್ಲ ಅಷ್ಟೇ.

ಈಗ ಟೈಲರ್ ಅವರ ವಿಷಯ. ತೀರಿಕೊಂಡ ಅವರ ಹೆಂಡತಿಯ ಚಿತ್ರ ನೇಯ್ದುಕೊಡಲು ಕೇಳಿದ್ದರು, ಅಂಗಡಿಯ ಗೋಡೆಗೆ ಹಾಕಲು ಎಂದು ನಿಮಗೆ ಹೇಳಿದ್ದೆನಲ್ಲ. ಆಕೆ ಹೊಲಿಗೆ ಯಂತ್ರದ ಮುಂದೆ ಕೂತಿರುವ ಹಳೆಯ ಫೋಟೊ ಕೊಟ್ಟಿದ್ದರು. ಚಳಿಗಾಲವೆಲ್ಲ ಅದೇ ಕೆಲಸವಾಯಿತು. ಆಕೆಯ ಬೆರಳಿನ ಬಣ್ಣಕ್ಕಾಗಿ ಈರುಳ್ಳಿ ಸಿಪ್ಪೆಯಲ್ಲಿ ಎಷ್ಟು ಸಲ ಉಣ್ಣೆ ಅದ್ದಿದೆನೋ ದೇವರಿಗೇ ಗೊತ್ತು. ಕೊನೆಗೆ ಆ ಬೆರಳುಗಳು ಬಂದವು. ನಾನು ಇದುವರೆಗೆ ನೇಯ್ದದ್ದರಲ್ಲಿ ಅಷ್ಟು ಚೆನ್ನಾಗಿ ಬಂದದ್ದು ಬೇರೆ ಇಲ್ಲ.

ನಾನು ಕೂರುವುದು ಮಗ್ಗದ ಹಿಂದೆ ಎಂಬುದು ನಿಮಗೆ ಗೊತ್ತೇ ಇದೆ. ಗಂಟು, ಕೊಸರು, ನೇತಾಡುವ ಎಳೆಗಳೆಲ್ಲ ನನ್ನ ಬದಿಗೆ. ಚಿತ್ರದ ಮುಖ ಆಚೆ ಬದಿಗೆ. ಅದಕ್ಕೇ ನಕ್ಷೆಯನ್ನು ಎಡಬಲ ತಿರುಗಿಸಿ ಇಟ್ಟುಕೊಂಡು ನೇಯಬೇಕು. ಈ ಸಲವೂ ತಿರುಗಿಸಿಯೇ ಇಟ್ಟಿದ್ದೆ. ನಡುವೆ ಅದರ ಮೇಲೆ ಬಣ್ಣದ ನೀರು ಚೆಲ್ಲಿತು. ಬೇರೆ ಕಾಗದಕ್ಕೆ ನಕಲು ಮಾಡಿಕೊಂಡೆ, ಅಭ್ಯಾಸಬಲದಿಂದ ಅದನ್ನೂ ತಿರುಗಿಸಿದೆ. ಎರಡು ಸಲ ತಿರುಗಿಸಿದರೆ ಮೊದಲಿದ್ದಲ್ಲಿಗೇ ಬರುತ್ತದೆ ಎಂಬುದು ಮಗುವಿಗೂ ಗೊತ್ತಾಗುತ್ತದೆ. ಆಗಿನ್ನೂ ಕೆಳಗಿನ ಅಂಚು ಮಾತ್ರ ಆಗಿತ್ತು, ಹಾಗಾಗಿ ಆಕೆ ಅಡಿಯಿಂದ ಮುಡಿಯವರೆಗೆ ತಿರುಗುಮುರುಗಾಗಿಯೇ ಬೆಳೆದಳು. ಗೋಡೆಗೆ ಅಂಟಿಸಿಕೊಂಡಿದ್ದ ಆಕೆಯ ಫೋಟೊಗೂ ನನ್ನ ಬದಿಯ ನೇಯ್ಗೆಗೂ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು. ನಾನು ಎಷ್ಟು ಚೆನ್ನಾಗಿ ಹೋಲುತ್ತದೆ ಎಂದು ಹಿಗ್ಗಿದೆ.

ನೀವು ಹೋದಮೇಲೆ ಮಗ್ಗದ ಎದುರಿಗೆ ಬೀರುವಿನ ಕನ್ನಡಿ ನಿಲ್ಲಿಸಿಕೊಂಡಿದ್ದೇನೆ, ಎದ್ದು ಆಚೆ ಬದಿಗೆ ಹೋಗಿ ನೋಡುವುದೇ ತಪ್ಪಿಹೋಗಿದೆ. ಎಳೆಗಳ ಸಂದಿಯಿಂದ ಅದರಲ್ಲಿ ಮುಖದ ಬದಿ ಕಾಣುತ್ತದೆ. ಆದರೆ ಕನ್ನಡಿ ಎಡವನ್ನು ನನ್ನ ಎಡಕ್ಕೇ ತೋರಿಸುತ್ತದೆ, ಬಲವನ್ನು ಬಲಕ್ಕೇ. ಬಣ್ಣ ತಪ್ಪಿದರೆ ಹೇಳುತ್ತದೆ, ಇದನ್ನು ಹೇಳುವುದಿಲ್ಲ. ಇದನ್ನು ಹೇಳಬೇಕಾದರೆ ಒಬ್ಬ ಮನುಷ್ಯ ಎದುರು ನಿಂತಿರಬೇಕು.

ಮಗ್ಗದಿಂದ ಕತ್ತರಿಸಿ ನೆಲದ ಮೇಲೆ ಹಾಸಿ ಟೈಲರ್ ಅವರನ್ನು ಕರೆದೆ. ಚಪ್ಪಲಿ ಬಿಟ್ಟು ಒಳಗೆ ಬಂದರು. ಬೆರಳು ನೋಡಿ ತಲೆಯಾಡಿಸಿದರು, ಮುಖ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಗೆದ್ದೆ ಎಂದುಕೊಳ್ಳುತ್ತಿದ್ದೆ. ಆಮೇಲೆ ಮೆಲ್ಲಗೆ ಕೇಳಿದರು, “ಅಮ್ಮಾ, ಮಿಷನ್ ಚಕ್ರ ಎಡಗೈ ಕಡೆ ಬಂದಿದೆಯಲ್ಲ. ಇದರಲ್ಲಿ ಅವಳು ಹೆಂಗೆ ಹೊಲೀತಾಳೆ?”

ಗೋಡೆಯ ಫೋಟೊ ನೋಡಿದೆ, ಮತ್ತೆ ನೆಲದ ಮೇಲಿನದನ್ನು ನೋಡಿದೆ. ಪಾಪ, ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳಿದರು. ಅಂಗಡಿಗೆ ಬರುವವರು ಅಳತೆ ಕೊಟ್ಟು ಹೋಗುತ್ತಾರೆ, ಚಕ್ರ ಯಾವ ಕಡೆ ಇದೆ ಎಂದು ಯಾರು ನೋಡುತ್ತಾರೆ ಎಂದರು. ಸುತ್ತಿಕೊಡಲು ಬಗ್ಗಿದೆ. ಅಷ್ಟರಲ್ಲಿ ಅವರು ತಮಗೇ ಹೇಳಿಕೊಳ್ಳುವ ಹಾಗೆ, “ನಾನು ನೋಡ್ತೀನಿ,” ಎಂದರು. ಅದನ್ನು ನಾನು ಕೊಡಲಿಲ್ಲ. ಇನ್ನೊಂದು ನೇಯ್ದು ಕೊಡುತ್ತೇನೆ, ಮುಂದಿನ ಚಳಿಗಾಲದವರೆಗೆ ಕಾಯಿರಿ ಎಂದೆ. ಇಷ್ಟು ವರ್ಷ ಅವಳನ್ನು ಕಾಯಿಸಿದ್ದೇನೆ, ನಾನೂ ಕಾಯಬಹುದು ಎಂದು ಹೇಳಿ ಹೋದರು.

ಅವತ್ತು ನಾನು ಚೆನ್ನಾಗಿ ಅತ್ತೆ. ಆಮೇಲೆ ನಿಮ್ಮ ಮೇಲೆ ಸಿಟ್ಟು ಬಂತು. ನೀವಿದ್ದಿದ್ದರೆ ಲೋಟ ಹಿಡಿದುಕೊಂಡು ಎದುರು ಬಂದು ನಿಂತು, ಚಕ್ರ ಮೂಡಿದ ಮೊದಲ ದಿನವೇ ‘ಇದೇನೇ ಇದು, ಎಡಚಿ ಮಿಷನ್ನು’ ಎಂದು ನಗುತ್ತಿದ್ದಿರಿ. ಕರಡು ತಿದ್ದಿ ತಿದ್ದಿ ತಪ್ಪು ಹುಡುಕುವುದೇ ನಿಮ್ಮ ಚಾಳಿಯಾಗಿದೆ ಎಂದು ನಾನು ಎಷ್ಟು ಸಲ ಬೈದಿಲ್ಲ. ಹೊಗಳುವವರು ನನಗೆ ಬೇಕಾದಷ್ಟು ಸಿಗುತ್ತಾರೆ. ಎದುರು ನಿಂತು ಇದು ತಪ್ಪು ಅನ್ನುವವರು ನೀವೊಬ್ಬರೇ ಇದ್ದಿರಿ. ನೀವಿಲ್ಲದ್ದು ನನಗೆ ಅಲ್ಲಿ ನೋಯುತ್ತದೆ.

ಹಾಗೆಂದು ಇದನ್ನು ‘ಬನ್ನಿ’ ಎಂದು ಓದಿಕೊಳ್ಳಬೇಡಿ. ಕೂತು ಲೆಕ್ಕ ಹಾಕಿದ್ದೇನೆ. ಮಗ್ಗ ಶೆಡ್ಡಿಗೆ ಹೋದರೆ ನೀವು ಸುಣ್ಣ ಹೊಡೆದ ಮನೆಯಲ್ಲಿ ಸುಖವಾಗಿ ಉಸಿರಾಡುತ್ತೀರಿ. ನಾನು ಬೀದಿಯ ಆ ಕೊನೆಯಲ್ಲಿ ಕನ್ನಡಿಯ ಜೊತೆ ಇರುತ್ತೇನೆ. ಧೂಳೆಲ್ಲ ಅಲ್ಲೇ ಇರುವಾಗ ನೀವು ಒಳಗೆ ಕಾಲಿಡುವ ಹಾಗಿಲ್ಲ. ಎದುರು ನಿಲ್ಲುವವರು ಆಗಲೂ ಯಾರೂ ಇರುವುದಿಲ್ಲ. ನಿಮಗೆ ನಾನಿಲ್ಲದ ಮನೆ, ನನಗೆ ಮನೆಯಿಲ್ಲದ ಮಗ್ಗ. ಇದಕ್ಕಾಗಿ ಅಷ್ಟೆಲ್ಲ ಹೊತ್ತು ಸಾಗಿಸಬೇಕೆ? ಶೆಡ್ ಬೇಡ. ವ್ಯಾಪಾರಿಗೆ ಕೊಡಲು ಹೇಳಿಬಿಡಿ. ನಿಮ್ಮ ಕೋಣೆಯನ್ನು ಇಟ್ಟುಕೊಳ್ಳಿ.

ಸಿಟ್ಟಾಗಬೇಡಿ. ಆದರೂ ಪರವಾಗಿಲ್ಲ, ನಿಮ್ಮ ಅಕ್ಕನಿಗೆ ಕೊನೆಗೂ ಒಂದು ಕಾರಣ ಸಿಕ್ಕಂತಾಗುತ್ತದೆ. ಹೊದಿಕೆ ಬಿಸಿಲಿಗೆ ಹಾಕಿಕೊಳ್ಳುತ್ತಿರಿ, ಮಾತ್ರೆ ತಪ್ಪಿಸಬೇಡಿ.

ಇಂತಿ,
ನೀವು ಇಟ್ಟ ಹೆಸರಿನ,
ನಿಮ್ಮ ಜೇಡ

ಮತ್ತೆ: ಶುಕ್ರವಾರ, ಸಂಜೆ. ಕಾಗದ ಅಂಟಿಸುವ ಮೊದಲು, ಬೇಡ ಅನ್ನುವುದನ್ನು ಕಣ್ಣಾರೆ ನೋಡಿಯಾದರೂ ಬೇಡ ಅನ್ನೋಣ ಎಂದು ಶೆಡ್ಡಿನ ಕಡೆ ಹೋಗಿದ್ದೆ. ಅದರ ಯಜಮಾನರು ಇದ್ದರು. ನಾನು ಯಾರೆಂದು ಹೇಳಿದೊಡನೆ ನಗತೊಡಗಿದರು. ಹೋದ ವಾರ ನೀವು ಬಂದಿದ್ದಿರಂತೆ. ಶೆಡ್ ನೋಡಲು ಬಂದವರು ಒಳಗೇ ಹೋಗಲಿಲ್ಲವಂತೆ.

“ಷಟರ್ ಪೂರ್ತಿ ಎತ್ತಿಸಿದ್ರು, ಹಿಂದೆ ಹಿಂದೆ ಹೋಗಿ ಅಂಗಳದಲ್ಲಿ ನಿಂತ್ಕೊಂಡ್ರು. ಒಳಗೆ ಏನೂ ಇಲ್ವಲ್ಲ, ಏನು ನೋಡ್ತಿದ್ದೀರಿ ಅಂದೆ. ಇಲ್ಲಿಂದ ಚೆನ್ನಾಗಿ ಕಾಣುತ್ತೆ ಅಂದ್ರು.”

ಇದೊಂದನ್ನು ಬರೆಯಲು ನಿಮಗೆ ಏನಾಗಿತ್ತು? ಡಾಕ್ಟರು ಹೇಳಿದ್ದು, ಸುಣ್ಣ, ಬಾಡಿಗೆ, ಶನಿವಾರ ಎಲ್ಲ ಬರೆದಿರಿ, ಇದನ್ನು ಮಾತ್ರ ಬಿಟ್ಟಿರಿ. ನಾನೂ ಹೋಗಿ ಅದೇ ಅಂಗಳದಲ್ಲಿ ನಿಂತು ನೋಡಿದೆ. ಗಾಳಿ ಚೆನ್ನಾಗಿದೆ. ಒಳಗಿನ ಗೋಡೆಯವರೆಗೂ ಬೆಳಕು ಬೀಳುತ್ತದೆ.

ಯಜಮಾನರಿಗೆ ಒಪ್ಪಿಗೆ ಹೇಳಿ ಬೀಗದ ಕೈ ಇಸಿದುಕೊಂಡು ಬಂದಿದ್ದೇನೆ. ಈ ಕಾಗದವನ್ನು ನಾಳೆ ಬೆಳಿಗ್ಗೆ ಮೊದಲ ಬಸ್ಸಿನವರ ಕೈಗೇ ಕೊಡುತ್ತೇನೆ, ಕೋಣೆ ಬಿಡುತ್ತೇನೆ ಎಂದು ನೀವೂ ಹೇಳಿಬಿಡಿ. ಮೇಲೆ ಬರೆದದ್ದನ್ನು ಹರಿದುಹಾಕಬಹುದಿತ್ತು, ಹಾಕಲಿಲ್ಲ. ಅದೂ ನಿಜವೇ, ಓದಿಕೊಂಡೇ ಬನ್ನಿ. ಮಗ್ಗದ ಮುಖವನ್ನು ಬಾಗಿಲಿಗೆ ಮಾಡಿ ನಿಲ್ಲಿಸುತ್ತೇನೆ. ನೀವು ಒಳಗೆ ಮಾತ್ರ ಕಾಲಿಡಬೇಡಿ. ಬೈಯುವುದೇನಿದ್ದರೂ ಅಂಗಳದಲ್ಲಿ ನಿಂತೇ ಬೈಯಿರಿ, ನನಗೆ ಕೇಳಿಸುತ್ತದೆ.