ಬೆರಳು ಅಲ್ಲಾಡಿಸಿರಿ ಎಂದಾಗ

ಗಜೇಂದ್ರಗಡ
ಸೋಮವಾರ, 14-7-2025

ಅನಿಲನ ಅಪ್ಪಾಜಿಯವರಿಗೆ ಕಳಕವ್ವನ ನಮಸ್ಕಾರ.

ಹೇಗಿದ್ದೀರಿ? ನಿನ್ನೆ ಹೊಟ್ಟೆ ತುಂಬ ಉಂಡಿರಾ, ಇಲ್ಲಾ ದವಾಖಾನೆಯ ಸಾರು ಸಪ್ಪೆ ಎಂದು ತಾಟು ಸರಿಸಿದಿರಾ? ಬೆನ್ನಿನ ಸೆಳೆತ ಕಡಿಮೆಯಾಗಿದೆಯೇ? ಇಲ್ಲಿ ಎಲ್ಲರೂ ಆರಾಮ. ಮಗಳು ಅನ್ನಪೂರ್ಣೇಶ್ವರಿ ಮೆಲ್ಲಗೆ ಎದ್ದು ಕೂಡುತ್ತಾಳೆ, ಕೂಸಿಗೆ ಇವತ್ತಿಗೆ ಐದು ದಿನ. ಅವಳಿಗೆ ಬೇನೆ ಶುರುವಾಯಿತೆಂದು ನಿಮ್ಮನ್ನು ಹುಬ್ಬಳ್ಳಿಯಲ್ಲಿ ಅನಿಲನ ಕೈಗೆ ಒಪ್ಪಿಸಿ ಬಂದೆನಲ್ಲ, ನರಗುಂದ ಬಂದಾಗಲೂ ರೋಣ ಬಂದಾಗಲೂ ಇಳಿದು ತಿರುಗಿ ಹೋಗಿಬಿಡಲೇ ಅನಿಸಿತು. ಬರುವ ಗುರುವಾರ ಆಪರೇಶನ್ ಹೊತ್ತಿಗೆ ನಿಮ್ಮ ಹತ್ತಿರ ಇರಬೇಕಾದವಳು ನಾನು. ಆದರೆ ಹೊಲಿಗೆ ಮಾಯದ ಬಾಣಂತಿಯನ್ನು ಬಿಟ್ಟು ಹೇಗೆ ಬರಲಿ?

ಮಗ್ಗ ನಿಂತಿದೆ. ಮೂವತ್ತೊಂದು ವರ್ಷ ಅದರ ಸಪ್ಪಳಕ್ಕೆ ಬೈದವಳು ನಾನೇ, ಈಗ ಆ ಸಪ್ಪಳವಿಲ್ಲದೆ ರೊಟ್ಟಿ ಬಡಿಯಲು ಕೈ ಬರುವುದಿಲ್ಲ. ನಿನ್ನೆ ಮಧ್ಯಾಹ್ನ ಯಾರಿಗೂ ಹೇಳದೆ ಮಗ್ಗದ ಕುಣಿಯ ದಂಡೆಗೆ ಕೂತು ಕಾಲು ಇಳಿಬಿಟ್ಟೆ. ತುಳಿಯುವ ಹಲಗೆಗೆ ಕಾಲು ತಾಗಿಸಲಿಲ್ಲ. ಬಗ್ಗಿ ಕೈಯಿಟ್ಟು ನೋಡಿದೆ, ನೀವು ತುಳಿದು ತುಳಿದು ಹಲಗೆಯಲ್ಲಿ ಹೆಬ್ಬೆರಳಿನ ತಗ್ಗು ಬಿದ್ದಿದೆ. ಉಂಡು ಅಡ್ಡಾದಾಗಲೂ ನಿಮ್ಮ ಕಾಲು ನೇಯುತ್ತಲೇ ಇರುತ್ತವೆ, ಎಷ್ಟು ಸಲ ಒದೆಸಿಕೊಂಡಿದ್ದೇನೆ! ಆ ಒದೆತವೂ ಈಗ ಬೇಕೆನಿಸುತ್ತದೆ. ನೀವು ಭಾಳ ನೆನಪಾಗುತ್ತೀರಿ. ಈ ವಯಸ್ಸಿನಲ್ಲಿ ಹೀಗೆ ಬರೆಯಲು ನಾಚಿಕೆ, ಆದರೂ ಬರೆದೆ.

ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ಹೇಳಿದ್ದು ನನ್ನ ತಲೆಯಿಂದ ಹೋಗಿಲ್ಲ. ಎದೆಯಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳ ಉಬ್ಬಿದೆ, ಗುರುವಾರ ಅಲ್ಲಿ ಬೇರೆ ನಳಿಕೆ ಹೊಲಿಯುತ್ತಾರೆ. ಹೊಲಿಯುವಷ್ಟು ಹೊತ್ತು ಅಲ್ಲಿ ರಕ್ತ ನಿಲ್ಲಿಸಬೇಕು. ಬೆನ್ನುಹುರಿಗೆ ಹೋಗುವ ಸಣ್ಣ ನಾಳಗಳು ಹೊರಡುವುದೂ ಅಲ್ಲಿಂದಲೇ. ಹುರಿಗೆ ರಕ್ತ ಸಾಲದಿದ್ದರೆ ಕಾಲು ಹೋಗಬಹುದು ಅಂದರು. ಅದಕ್ಕೇ ಬೆನ್ನಿನಲ್ಲಿ ಸಣ್ಣ ನಳಿಕೆಯಿಟ್ಟು, ಹುರಿಯ ಸುತ್ತಲಿನ ನೀರು ಸ್ವಲ್ಪ ಸ್ವಲ್ಪ ತೆಗೆದು ಒತ್ತಡ ಇಳಿಸುತ್ತಾರಂತೆ. “ನೋಡ್ರಿ ಅಮ್ಮಾ, ಆಪರೇಶನ್ ಆದಮ್ಯಾಲೆ ಮೂರ್ನಾಕು ದಿನ ಇವರ ಬಿ.ಪಿ. ಇಳೀಬಾರದು. ಇಳಿದ್ರ ಹುರಿಗೆ ರಕ್ತ ಮುಟ್ಟಂಗಿಲ್ಲ” ಅಂದದ್ದು ಇನ್ನೂ ಕಿವಿಯಲ್ಲಿದೆ. ನಿಮಗೆ ಎಚ್ಚರವಾದ ಮೇಲೆ ತಾಸಿಗೊಮ್ಮೆ ಕಾಲ್ಬೆರಳು ಅಲ್ಲಾಡಿಸಲು ಹೇಳುತ್ತಾರೆ. ಆಗ ಆಟ ಹಚ್ಚಬೇಡಿ. ನರ್ಸಬಾಯಿಯನ್ನು ಹೆದರಿಸಲೆಂದೇ ಕಾಲು ಸೆಟೆದು ಮಲಗುವವರು ನೀವು. ಮದುವೆಯಾದ ವರ್ಷ ಹಾವು ಕಚ್ಚಿತೆಂದು ಕೂಗಿ, ಓಣಿ ತುಂಬ ನನ್ನನ್ನು ಅಳಿಸಿದ್ದು ಮರೆತಿಲ್ಲ. ಹೇಳಿದ ಕೂಡಲೇ ಹತ್ತೂ ಬೆರಳು ಅಲ್ಲಾಡಿಸಿರಿ. ಜೋಮು ಹಿಡಿದಂತಾದರೆ “ಏನಾಗಂಗಿಲ್ಲ ತಗೀರಿ” ಎಂದು ಮುಚ್ಚಿಡದೆ ಆಗಿಂದಾಗಲೇ ಹೇಳಿರಿ.

ಕೂಸಿಗೆ ಹೆಸರಿಡುವುದು ನೀವು ಬಂದ ಮೇಲೆ, ಸದ್ಯ ಚಿನ್ನು ಅನ್ನುತ್ತೇವೆ. ಬಾಜೂಮನೆಯ ಶರೀಫಾಬಿ ನಿಮ್ಮ ಸಲುವಾಗಿ ದುವಾ ಮಾಡುತ್ತಿದ್ದಾಳೆ. ಅನಿಲನಿಗೆ ನನ್ನ ಆಶೀರ್ವಾದ, ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳಿರಿ. ಕಾಲಕಾಲೇಶ್ವರ ನಿಮ್ಮನ್ನು ಕಾಯಲಿ.

ನಿಮ್ಮ ದಾರಿ ನೋಡುತ್ತಿರುವ
ಕಳಕವ್ವ

ತಾ.ಕ.: ಈ ಕಾಗದ ತರಬೇಕಾದ ಅಳಿಯ ಉಮೇಶ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲೇ ನಿಂತಿದ್ದಾನೆ. ಫೋನಿನಲ್ಲಿ ಹೇಳಿದರೆ ಸಿಟ್ಟಿಗೆದ್ದು ಅರ್ಧಕ್ಕೇ ಕಟ್ ಮಾಡುತ್ತೀರೆಂದು ಇದನ್ನು ಬರೆಯುತ್ತಿದ್ದೇನೆ. ಡಾಕ್ಟರು ಕೇಳಿದಾಗ “ಬಿ.ಪಿ. ಗುಳಿಗಿ ಬಿಟ್ಟು ಆರು ವರ್ಷ ಆತ್ರಿ, ತಾನ ಇಳದೈತಿ” ಎಂದು ಹೆಮ್ಮೆಯಿಂದ ಹೇಳಿದಿರಿ. ನಾನು ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ಕೂತೆ. ಅದು ತಾನೇ ಇಳಿದಿಲ್ಲ. ನೀವು ಗುಳಿಗೆ ಬಿಟ್ಟ ದಿನದಿಂದ ಅದನ್ನು ಪುಡಿ ಮಾಡಿ, ಮುಂಜಾನೆ ಕೊಡುವ ಶೇಂಗಾ ಉಂಡಿಯೊಳಗೆ ಹಾಕಿ ಕಟ್ಟುತ್ತಿದ್ದೇನೆ. ನಿಮ್ಮ ತಲೆದಿಂಬಿನ ಹತ್ತಿರ ಇಟ್ಟುಬಂದ ಡಬ್ಬಿಯ ಉಂಡಿಗಳಲ್ಲೂ ಇದೆ. ಗುಳಿಗೆಯ ಹೆಸರಿನ ಚೀಟಿ ಇದರೊಳಗೆ ಇಟ್ಟಿದ್ದೇನೆ. ಓದಿದ ಕೂಡಲೇ ಡಬ್ಬಿ, ಚೀಟಿ ಎರಡನ್ನೂ ಡಾಕ್ಟರ ಕೈಗೆ ಕೊಡಿರಿ. ಅವರು ಹೇಳದೆ ಒಂದೂ ತಿನ್ನಬೇಡಿ, ಆಪರೇಶನ್ ಆದ ಮೇಲಂತೂ ಮುಟ್ಟಲೇಬೇಡಿ. ತಪ್ಪು ನನ್ನದು. ಬೈಯುವುದಿದ್ದರೆ ನಿಮ್ಮ ಕಾಲ ಮೇಲೆ ನಡೆದು ಮನೆಗೆ ಬಂದು ಬೈಯಿರಿ.